ಪ್ಲೇಸ್ ಎಂಬ ಶಬ್ದವೂ ರುಬ್ಬುವ ಗುಂಡೂ

೮ ಮಾರ್ಚ್ ೧೯೮೧, ರವಿವಾರ

ಮುಂದಿನ ತಲೆಮಾರುಗಳ ಅವಗಾಹನೆಗಾಗಿ ಪ್ರಕಟಿಸುವುದೇನೆಂದರೆ, ಇಂದು ಸಂಜೆ ಡೊಂಬಿವಲಿ ಪೂರ್ವದ ಶಾಲೆಯೊಂದರ ನಾಲ್ಕನೆಯ ಇಯತ್ತೆಯ ಕೋಣೆಯಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಮಕ್ಕಳ ಬೆಂಚುಗಳ ಮೇಲೆ ಮುದುಡಿ ಕುಳಿತ ಕನ್ನಡಿಗರ ಮಹಾಸಭೆಯ ಸಮಕ್ಷಮ, ಇಂಗ್ಲಿಷ್ ಭಾಷೆಯ ಪಿ ಅಕ್ಷರವನ್ನು ಸರ್ವಾನುಮತದಿಂದ ನನ್ನ ಅಧೀನಕ್ಕೆ ಒಪ್ಪಿಸಲಾಯಿತು. ಚಪ್ಪಾಳೆ ಬಿತ್ತು. ಒಬ್ಬರು ಸೊಳ್ಳೆ ಹೊಡೆದರೆಂದೂ ಹೇಳುವವರಿದ್ದಾರೆ.

ವಿಷಯ ಇಷ್ಟೇ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಅಳುತ್ತವೆ. ಅವುಗಳ ಉದ್ಧಾರಕ್ಕಾಗಿ ನಮ್ಮ ಸಂಘ ಒಂದು ಚಿಕ್ಕ ಇಂಗ್ಲಿಷ್–ಕನ್ನಡ ಕೋಶ ತರಲಿದೆ. ಅಕ್ಷರಗಳನ್ನು ಸದಸ್ಯರಿಗೆ ಹಂಚಲಾಯಿತು. ಕಾರ್ಯದರ್ಶಿ ಧರ್ಮಪಾಲರು ತಮ್ಮ ಕೆಲಸದ ಒತ್ತಡವನ್ನು ಲೆಕ್ಕಿಸದೆ ಎಕ್ಸ್, ವೈ, ಝಡ್ ಈ ಮೂರೂ ಅಕ್ಷರಗಳನ್ನು ಒಬ್ಬರೇ ಹೊತ್ತುಕೊಂಡರು. ತ್ಯಾಗವೆಂದರೆ ಇದು.

“ಪಿ ಸಣ್ಣ ಅಕ್ಷರ ಅಲ್ಲ ವೀರಭದ್ರಪ್ಪನವರೇ. ಯುಗಾದಿಯ ಒಳಗೆ ಮುಗಿಸಿಕೊಡಬೇಕು” ಎಂದರು.

ಮುಗಿಸುತ್ತೇನೆ. ಥಾಣೆಯ ಬಣ್ಣದ ಕಾರ್ಖಾನೆಯ ಸ್ಟೋರ್ಸಿನಲ್ಲಿ ಡಬ್ಬಿ ಎಣಿಸುವ ನನ್ನಂಥವನಿಗೆ ಇಂಥ ಗೌರವ ದಿನವೂ ಸಿಗುವುದಿಲ್ಲ. ಜೊತೆಗೆ ನನಗೊಂದು ಅಧ್ಯಯನ ಕೊಠಡಿಯೂ ಇದೆ. ಚಾಳಿನ ನಮ್ಮ ಒಂದೇ ಕೋಣೆಯಲ್ಲಿ ಕಿಟಕಿಯ ಕೆಳಗಿನ ಮೂಲೆ, ಬೋರಲು ಹಾಕಿದ ಚಹಾಪುಡಿಯ ಖಾಲಿ ಪೆಟ್ಟಿಗೆ, ಅದರ ಮುಂದೆ ಒಂದು ಚಾಪೆ. ಈ ಮೂಲೆಯನ್ನು ಹೆಂಡತಿ ನೀಲಗಂಗಾ, ಮಗಳು ಇಬ್ಬರೂ ಗೌರವಿಸುತ್ತಾರೆ. ಅಂದರೆ ಒಣಗಿದ ಬಟ್ಟೆಯನ್ನು ಪೆಟ್ಟಿಗೆಯ ಎಡಭಾಗದಲ್ಲಿ ಮಾತ್ರ ಒಟ್ಟುತ್ತಾರೆ.

೧೧ ಮಾರ್ಚ್, ಬುಧವಾರ

ಅವ್ವ ಬಂದಳು.

ಸೂಚನೆ ಇಲ್ಲ, ಸುದ್ದಿ ಇಲ್ಲ. ಕಲ್ಯಾಣದಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮೂರ ಶಂಕ್ರೆಪ್ಪ ಊರಿಗೆ ಹೋಗಿದ್ದವನು ಮೆಣಸಿನಕಾಯಿ ಚೀಲಗಳ ಜೊತೆ ಅವಳನ್ನೂ ಕರೆತಂದಿದ್ದಾನೆ. ಬಾಗಿಲಲ್ಲಿ ನಿಲ್ಲಿಸಿ, ಸೀನಿ, “ತಗೋರಿ, ನಿಮ್ಮ ಮಾಲು” ಅಂದು ಹೋದ.

“ನಾಲ್ಕ ದಿನ ಇದ್ದು ಹೊಕ್ಕೇನಿ” ಅಂದಳು ಅವ್ವ, ಒಳಗೆ ಕಾಲಿಡುವ ಮೊದಲೇ.

ನಾಲ್ಕು ದಿನಕ್ಕೆ ಬಂದವಳ ಟ್ರಂಕನ್ನು ಇಬ್ಬರು ಹಮಾಲರು ಹೊತ್ತು ತಂದರು. ಕಪ್ಪು ಬಣ್ಣದ, ಮುಚ್ಚಳದ ಮೇಲೆ ಕೆಂಪು ಗುಲಾಬಿ ಬರೆದ ಟ್ರಂಕು. ಅದನ್ನು ಇಡುವ ಜಾಗಕ್ಕಾಗಿ ಸ್ಟೋವಿನ ಪಕ್ಕ, ಕಪಾಟಿನ ಮುಂದೆ, ಬಾಗಿಲ ಹಿಂದೆ ಪ್ರಯೋಗಗಳು ನಡೆದವು. ಬಾಗಿಲ ಹಿಂದೆ ಇಟ್ಟರೆ ಬಾಗಿಲು ತೆರೆಯಲಿಲ್ಲ, ಹಮಾಲರು ಒಳಗೇ ಉಳಿದರು. ಕೊನೆಗೆ ಇಡೀ ಕೋಣೆಯಲ್ಲಿ ಅದು ಹಿಡಿಸಿದ್ದು ಕಿಟಕಿಯ ಕೆಳಗೆ.

ನನ್ನ ಚಹಾಪೆಟ್ಟಿಗೆ ಈಗ ಹೊರಗಿನ ಪ್ಯಾಸೇಜಿನಲ್ಲಿದೆ. ಪಿ ಅಕ್ಷರವನ್ನು ಎದೆಗೆ ಒತ್ತಿ ಹಿಡಿದು ನಿಂತೇ ಇದನ್ನು ಬರೆಯುತ್ತಿದ್ದೇನೆ. ಅವ್ವ ಟ್ರಂಕಿನ ಮೇಲೆ ಕಾಲು ಚಾಚಿ ಕುಳಿತು, “ಯಾಕೋ ವೀರೂ, ಕುಂತ ಬರಿಬಾರದ?” ಅನ್ನುತ್ತಿದ್ದಾಳೆ.

೧೩ ಮಾರ್ಚ್, ಶುಕ್ರವಾರ

‘ಪೀಪಲ್’, ‘ಪಿಲ್ಲೋ’ಗಳನ್ನು ಸುಲಭವಾಗಿ ದಾಟಿ ಬಂದೆ. ‘ಪ್ಲೇಸ್’ನಲ್ಲಿ ಸಿಕ್ಕಿಬಿದ್ದೆ. ಐದಕ್ಷರದ ಈ ಪುಟ್ಟ ಶಬ್ದ ಎಲ್ಲಿ ಮುಟ್ಟಿದರೂ ಬೇರೆ ಅರ್ಥ ಹೇಳುತ್ತದೆ. ಸ್ಥಳ, ಜಾಗ, ಠಾವು, ತಾಣ, ಎಡೆ, ನೆಲೆ. ಓಟದ ಪಂದ್ಯದಲ್ಲಾದರೆ ಸ್ಥಾನ. ಕಚೇರಿಯಲ್ಲಾದರೆ ಹುದ್ದೆ. ಅದರ ಹಿಂದೆ ‘ಟೇಕ್’ ಹಚ್ಚಿದರೆ ಜಾಗವೇ ಮಾಯವಾಗಿ ಏನೋ ‘ನಡೆಯುತ್ತದೆ’. ‘ಔಟ್ ಆಫ್’ ಹಚ್ಚಿದರೆ ಮದುವೆ ಮನೆಯಲ್ಲಿ ಬರಿಗಾಲಲ್ಲಿ ನಿಂತ ಹಾಗೆ.

ಇದನ್ನೆಲ್ಲ ಯೋಚಿಸಿದ್ದು ಬೆಳಗಿನ ಲೋಕಲ್ಲಿನಲ್ಲಿ, ಒಂಟಿಕಾಲಿನಲ್ಲಿ. ಇನ್ನೊಂದು ಕಾಲು ದಿವಾ ಸ್ಟೇಶನ್ನಿನಲ್ಲಿ ಹತ್ತಿದ ಯಾರದೋ ಚೀಲದ ಮೇಲಿತ್ತು. ಮೂವರ ಸೀಟಿನಲ್ಲಿ ನಾಲ್ಕನೆಯವನಾಗಿ ತುದಿ ಊರಲು ಹೋದರೆ ಒಬ್ಬ, “ಭಾವೂ, ಜಾಗಾ ಕುಠೇ ಆಹೇ?” ಎಂದ. ಜಾಗ ಎಲ್ಲಿದೆ? ಇದೇ ಪ್ರಶ್ನೆಯನ್ನು ನಾನು ಬೆಳಗಿನಿಂದ ಕೇಳಿಕೊಳ್ಳುತ್ತಿದ್ದೇನೆ. ಥಾಣೆ ಎಂಬ ಹೆಸರು ಬಂದದ್ದೇ ‘ಸ್ಥಾನಕ’ದಿಂದ ಎಂದು ಓದಿದ ನೆನಪು. ಸ್ಥಾನ ಎಂದೇ ಹೆಸರಿರುವ ಊರಿಗೆ ದಿನವೂ ಹೋಗುತ್ತೇನೆ, ಒಂದು ದಿನವೂ ಕುಳಿತು ಹೋಗಿಲ್ಲ.

ಮನೆಗೆ ಬಂದರೆ ಮಗಳು ಅಜ್ಜಿಯನ್ನು “ಆಜೀ, ಸರಕ್ ನಾ” ಎಂದು ಟ್ರಂಕಿನ ಮೇಲಿಂದ ಸರಿಸುತ್ತಿದ್ದಾಳೆ. ಅವ್ವನಿಗೆ ಅರ್ಥವಾಗಲಿಲ್ಲ. “ಸಕ್ಕರಿ ಬೇಕೇನವ್ವಾ?” ಎಂದು ಡಬ್ಬಿ ಹುಡುಕಿದಳು.

ಅವ್ವ ಕೈಕಾಲು ತೊಳೆಯಲು ಹೋದಾಗ ನೀಲಗಂಗಾಳನ್ನು ಕೇಳಿದೆ. “ಇವಳು ಹೋಗುವುದು ಯಾವಾಗ?”

“ನಿಮಗ ತಿಳಿಯೂದಿಲ್ಲೇನ್ರಿ? ಟ್ರಂಕಿನ್ಯಾಗ ಎರಡ ಕೌದಿ ಅದಾವ. ಬ್ಯಾಸಗ್ಯಾಗ ನಾಲ್ಕ ದಿನಕ್ಕ ಬಂದವ್ರು ಕೌದಿ ತರತಾರೇನು? ರಾಯಪ್ಪನ ಹೇಣ್ತಿ ಕೂಡ ಮಾತಿಗಿ ಮಾತು ಬೆಳದೈತಿ. ‘ನನಗೂ ಒಬ್ಬ ಹಿರೇ ಮಗಾ ಅದಾನ’ ಅಂತ ಹೇಳಿ ಬಂದಾರ. ತಿರುಗಿ ಹೋಗಂಗಿಲ್ಲ ಅವರು.”

ರಾಯಪ್ಪ ನನ್ನ ತಮ್ಮ. ರೋಣದಲ್ಲಿ ಅವನ ಮನೆಗೆ ಪಡಸಾಲೆ ಇದೆ, ಹಿತ್ತಲಿದೆ, ಅಟ್ಟವಿದೆ. ಮಾತಿಗೆ ಮಾತು ಬೆಳೆದರೂ ಹಿಡಿಸುವಷ್ಟು ಜಾಗವಿದೆ. ಇಲ್ಲಿ ಏನಿದೆ? ನಾನು ನಿರ್ದಯಿಯಲ್ಲ, ಇದು ಬರೀ ಅಳತೆಯ ಮಾತು. ಯುಗಾದಿ ಮುಗಿದ ಮೇಲೆ ಶಂಕ್ರೆಪ್ಪ ಮತ್ತೆ ಊರಿಗೆ ಹೋಗುತ್ತಾನೆ. ಅವನ ಜೊತೆ ಕಳಿಸುವುದು. ನಿರ್ಧರಿಸಿದೆ.

ನೀಲಗಂಗಾ ಸ್ಟೋವಿಗೆ ಜೋರಾಗಿ ಪಂಪು ಹೊಡೆದಳು.

೧೬ ಮಾರ್ಚ್, ಸೋಮವಾರ

ಈ ಚಾಳಿನ ಚರಿತ್ರೆಯಲ್ಲಿ ಇಂದಿನ ದಿನ ದಾಖಲಾಗಬೇಕು. ಬೇರೆ ಯಾರೂ ಬರೆಯುವವರಿಲ್ಲವಾದ್ದರಿಂದ ನಾನೇ ಬರೆಯುತ್ತೇನೆ.

ಮೊದಲು ನಮ್ಮ ನಲ್ಲಿಯ ಪದ್ಧತಿ ಹೇಳಬೇಕು. ನೀರು ಬರುವುದು ಬೆಳಗಿನ ಜಾವ, ಅಂಗಳದ ಒಂದೇ ನಲ್ಲಿಗೆ. ಅಷ್ಟು ಹೊತ್ತಿಗೆ ಯಾರು ಎದ್ದು ನಿಲ್ಲುತ್ತಾರೆ? ಹಾಗಾಗಿ ಹಿಂದಿನ ಸಂಜೆಯೇ ಪ್ರತಿ ಮನೆಯವರು ತಮ್ಮ ಗುರುತೊಂದನ್ನು ಸಾಲಿನಲ್ಲಿ ಇಟ್ಟು ಮಲಗುತ್ತಾರೆ. ಮೂಲೆಮನೆಯ ಕಾಕೂ ಅವರದ್ದು ಅರ್ಧ ಇಟ್ಟಿಗೆ. ನಮ್ಮದು ಹಿಡಿ ಮುರಿದ ಕಬ್ಬಿಣದ ಬಾಣಲೆ. ಪಕ್ಕದ ಕೋಣೆಯ ಲೀಲಾಧರ, ಜಯಲತಾ ದಂಪತಿಗಳದ್ದು ರುಬ್ಬುವ ಕಲ್ಲಿನ ಗುಂಡು. ಉಡುಪಿ ಕಡೆಯವರು. ಊರಿನಿಂದ ತಂದ ರುಬ್ಬುವ ಕಲ್ಲು ಎರಡು ಹೋಳಾಗಿ, ಗುಂಡು ಮಾತ್ರ ಉಳಿಯಿತು. ಲೀಲಾಧರ ಥಾಣೆಯ ಹೋಟೆಲಿನಲ್ಲಿ ಮ್ಯಾನೇಜರು, ಹಿಟ್ಟು ಅಲ್ಲಿಂದಲೇ ಬರುತ್ತದೆ, ನಮಗೂ ಒಂದು ಪಾಲು ಸಲ್ಲುತ್ತದೆ. ನಿರುದ್ಯೋಗಿಯಾದ ಗುಂಡನ್ನು ಸಾಲಿನ ಕೆಲಸಕ್ಕೆ ಹಚ್ಚಿದರು. ಒಬ್ಬೊಬ್ಬರ ಕೊಡ ತುಂಬಿದಂತೆ ಹಿಂದಿನ ಗುರುತುಗಳನ್ನು ಕಾಲಿನಿಂದ ಮುಂದೆ ದೂಡುವುದು ಇಲ್ಲಿನ ರೂಢಿ. ಮಾತಿಲ್ಲ, ಜಗಳವಿಲ್ಲ. ಕಲ್ಲು ನಿಂತರೆ ಮನುಷ್ಯ ನಿಂತ ಹಾಗೆ.

ನಿನ್ನೆ ಸಂಜೆ ಸಾಲಿನಲ್ಲಿ ಮೊದಲು ಇದ್ದದ್ದು ಆ ಗುಂಡು, ಸರಿಯಾಗಿ ನಲ್ಲಿಯ ಕೆಳಗೆ.

ಇಂದು ಸೋಮವಾರ. ಎಲ್ಲರಿಗಿಂತ ಮುಂಚೆ ಎದ್ದ ಅವ್ವ ಅಂಗಳಕ್ಕೆ ಹೋದಳು. ಮಬ್ಬುಗತ್ತಲೆ. ಕಪ್ಪು, ನುಣುಪು, ದುಂಡು ಕಲ್ಲು ನೆಟ್ಟಗೆ ನಿಂತಿದೆ. ಅದರ ನೆತ್ತಿಯ ಮೇಲೆ ನಲ್ಲಿಯಿಂದ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿದೆ. ಅವ್ವ ಇನ್ನೇನು ತಿಳಿದಾಳು? ಒಳಗೆ ಬಂದು ವಿಭೂತಿ ಒಯ್ದಳು. ಮೂರು ಬೆರಳಿನಿಂದ ಅಡ್ಡ ಎಳೆದಳು. ಕಂಪೌಂಡಿನ ಕಣಗಿಲ ಹೂ ಏರಿಸಿದಳು. ಊದುಬತ್ತಿಯನ್ನು ಕಾಕೂ ಅವರ ಅರ್ಧ ಇಟ್ಟಿಗೆಯ ಸಂದಿನಲ್ಲಿ ಸಿಗಿಸಿದಳು.

ನೀರು ಬಂತು. ಜನ ಕೊಡ ಹಿಡಿದು ಬಂದರು. ಬಂದವರು ನಿಂತರು.

“ಅಗೋ ಬಾಯೀ! ಮಹಾದೇವ!” ಎಂದು ಕಾಕೂ ಕೊಡ ಕೆಳಗಿಟ್ಟು ಕೈಮುಗಿದರು. ಹಿಂದಿನವರೂ ಮುಗಿದರು. ನೀರು ದೇವರ ನೆತ್ತಿಯ ಮೇಲೆ ಧಾರಾಕಾರ ಸುರಿಯಿತು, ಗಟಾರಕ್ಕೆ ಹರಿಯಿತು. ಕೊಡ ಇಡಲು ಜಾಗವಿಲ್ಲ. ದೇವರನ್ನು ಕಾಲಿನಿಂದ ದೂಡುವವರು ಯಾರು? ಕೊನೆಗೆ ಯಾರೋ ಸೈಕಲ್ ಟ್ಯೂಬಿನ ತುಂಡನ್ನು ನಲ್ಲಿಗೆ ಸಿಕ್ಕಿಸಿ ನೀರನ್ನು ಓರೆಯಾಗಿ ತಿರುಗಿಸುವಷ್ಟರಲ್ಲಿ ಅರ್ಧ ನೀರು ಹೋಗಿತ್ತು.

ಆಮೇಲೆ ಜಯಲತಾ ಬಂದರು. ತಮ್ಮ ಗುಂಡನ್ನು ನೋಡಿದರು. ಹಣೆಯ ಮೇಲಿನ ವಿಭೂತಿ ನೋಡಿದರು. ನೀಲಗಂಗಾಳ ಕಡೆ ತಿರುಗಿದರು.

“ನೀವೇ ಹೇಳಿ ಅಕ್ಕ. ನಾನೀಗ ಎಲ್ಲಿ ನಿಲ್ಬೇಕು? ದೇವರ ಹಿಂದೆಯಾ, ದೇವರ ಮುಂದೆಯಾ?”

ಗುರುತು ದೇವರಾದ ಮೇಲೆ ಗುರುತಿಲ್ಲ. ಗುರುತಿಲ್ಲದವರಿಗೆ ಸಾಲಿನ ಕೊನೆ. ಅವರ ಕೊಡ ಇಟ್ಟಾಗ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಅವ್ವನಿಗೆ ಇದು ಯಾವುದೂ ಗೊತ್ತಿಲ್ಲ. ಬಂದ ದಿನದಿಂದ ಮೊದಲ ಸಲ ನಗುತ್ತ ಒಳಗೆ ಬಂದು, “ಎಂಥಾ ಊರು ಅಂತ ಮಾಡಿದ್ನೆಪಾ. ನೀರಿನ ಬಾಯಾಗ ಶಿವನ್ನ ಇಟ್ಟಾರ!” ಅಂದಳು.

೧೭ ಮಾರ್ಚ್

ಅವ್ವ ಇಂದೂ ಪೂಜೆ ಮಾಡಿದಳು. ಕಾಕೂ ತೆಂಗಿನಕಾಯಿ ತಂದರಂತೆ. ಪಿ ಇದ್ದಲ್ಲೇ ಇದೆ.

೨೦ ಮಾರ್ಚ್, ಶುಕ್ರವಾರ

ಪಕ್ಕದ ಮನೆಯಿಂದ ಹಿಟ್ಟು ಬರುವುದು ನಿಂತಿದೆ. ಈ ವಾರ ದೋಸೆ ಇಲ್ಲ. ಜಯಲತಾ ಹೊಸ ಗುರುತಾಗಿ ಒಂದು ಹಳೇ ಚಪ್ಪಲಿ ಇಟ್ಟರು. ದೇವರಿರುವ ಸಾಲಿನಲ್ಲಿ ಚಪ್ಪಲಿಯೇ ಎಂದು ಕಾಕೂ ಅದನ್ನು ಹೊರಗೆ ಎಸೆದರು. ಎರಡು ಮನೆಯ ನಡುವಿನ ಹಲಗೆಗೋಡೆಯಾಚೆ ತುಳುವಿನಲ್ಲಿ ಏನೇನೋ ನಡೆಯುತ್ತದೆ. ನನಗೆ ತುಳು ಬಾರದು. ಆದರೆ ಪಾತ್ರೆ ಕುಕ್ಕುವುದು ಎಲ್ಲ ಭಾಷೆಗಳಲ್ಲೂ ಒಂದೇ.

ಸಂಜೆ ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ ಲೀಲಾಧರ ಸಿಕ್ಕಿದರು. ರೈಲು ಡಬ್ಬಿಯೊಳಗೆ ನೂಕುನುಗ್ಗಲಿನಲ್ಲಿ ಇಬ್ಬರೂ ಎದೆಗೆ ಎದೆ ಒತ್ತಿ ನಿಂತದ್ದರಿಂದ ಮಾತಾಡದೆ ವಿಧಿಯಿರಲಿಲ್ಲ.

“ಎಂಥ ಮಾಡುವುದು ಮಾರಾಯ್ರೆ? ನನಗೇನೂ ಸಿಟ್ಟಿಲ್ಲ. ಆದ್ರೆ ಇವಳು ಕಲ್ಯಾಣದ ಅಕ್ಕನ ಮನೆಯಿಂದ ನೀರು ತರ್ತಾ ಇದ್ದಾಳೆ, ರೈಲಿನಲ್ಲಿ. ನಿನ್ನೆ ಟೀಸಿ ಕೊಡಕ್ಕೂ ಟಿಕೆಟ್ ಕೇಳಿದನಂತೆ.”

“ಅವ್ವ ಯುಗಾದಿ ಆದ ಮೇಲೆ ಹೋಗುತ್ತಾಳೆ. ಆಮೇಲೆ ಎಲ್ಲ ಮೊದಲಿನ ಹಾಗೇ” ಎಂದೆ.

“ಅಮ್ಮ ಹೋಗ್ತಾರೆ. ಹಾಕಿದ ವಿಭೂತಿ ಹೋಗ್ತದಾ?” ಎಂದರು ಲೀಲಾಧರ.

೨೨ ಮಾರ್ಚ್, ರವಿವಾರ

ಕೆಟ್ಟ ದಿನ.

ಧರ್ಮಪಾಲರು ಪಿ ಅಕ್ಷರದ ಕ್ಷೇಮಸಮಾಚಾರ ವಿಚಾರಿಸಲು ಬಂದರು. ಕೂರಿಸಲು ಟ್ರಂಕು ಬಿಟ್ಟರೆ ಬೇರೇನಿಲ್ಲ. ಟ್ರಂಕಿನ ಮೇಲೆ ಅವ್ವ. ಅವರು ನಿಂತೇ ಇದ್ದರು. ನನ್ನ ಕಾಗದಗಳನ್ನು ತಿರುವಿ ಹಾಕಿದರು.

“ಪ್ಲೇಸ್‌ಗೆ ಇಷ್ಟು ಪುಟ ಯಾಕೆ? ‘ಸ್ಥಳ, ಜಾಗ’ ಅಂತ ಬರೆದು ಮುಂದೆ ಹೋಗಿ. ನೋಡಿ, ನನ್ನ ಎಕ್ಸ್ ಮುಗಿದೇ ಹೋಯ್ತು.”

“ಎಷ್ಟು ಶಬ್ದ ಬಂದವು?”

“ಎಕ್ಸ್‌ರೇ” ಎಂದರು ಗಂಭೀರವಾಗಿ.

ಅವ್ವ ಅವರಿಗೆ ಚಾಳಿನ ಶಿವನ ಮಹಿಮೆ ಹೇಳತೊಡಗಿದಳು. ನಲ್ಲಿಯ ಕೆಳಗೆ ತಾನಾಗಿ ಮೂಡಿದ್ದು, ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದದ್ದು, ತನಗೇ ಕಾಣಿಸಿದ್ದು. ಧರ್ಮಪಾಲರು ಕರಾವಳಿಯವರು. ಬರುವಾಗ ಅಂಗಳದಲ್ಲಿ ನೋಡಿದ್ದು ಏನೆಂದು ಅವರಿಗೆ ತಿಳಿಯದೆ? ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಹಲಗೆಗೋಡೆಯಾಚೆ ಪಾತ್ರೆ ಕುಕ್ಕಿದ ಸದ್ದು. ಪಿ ಮುಗಿದಿಲ್ಲ, ದೋಸೆ ಇಲ್ಲ, ನನ್ನ ಮೂಲೆ ಇಲ್ಲ.

“ಅವ್ವಾ, ಸಾಕ ಮಾಡ! ಅದು ದೇವರಲ್ಲ. ಉದ್ದಿನ ಹಿಟ್ಟು ರುಬ್ಬೂ ಗುಂಡು!” ಎಂದೆ. ಸ್ವಲ್ಪ ಜೋರಾಗಿಯೇ ಎಂದಿರಬೇಕು. ಗೋಡೆಯಾಚೆ ಪಾತ್ರೆಯ ಸದ್ದು ನಿಂತಿತು.

ಅವ್ವ ಧರ್ಮಪಾಲರ ಮುಖ ನೋಡಿದಳು. ಆಮೇಲೆ ತನ್ನ ಮೂರು ಬೆರಳು ನೋಡಿಕೊಂಡಳು. ಟ್ರಂಕಿನ ಮೇಲಿಂದ ಇಳಿದು, “ಕುಂದರ್ರಿ ಅಪ್ಪಾ, ಆಗಿಂದ ನಿಂತೀರಿ” ಎಂದು ಅವರಿಗೆ ಜಾಗ ಬಿಟ್ಟುಕೊಟ್ಟಳು.

ಸತ್ಯವನ್ನು ಎಂದಾದರೂ ಹೇಳಲೇಬೇಕಿತ್ತಲ್ಲ. ಹೇಳಿದ್ದೇನೆ. ಇದರಲ್ಲಿ ನನ್ನ ತಪ್ಪು ಏನೂ ಇಲ್ಲ.

೨೪ ಮಾರ್ಚ್

ಅವ್ವ ಅಂಗಳಕ್ಕೆ ಹೋಗುತ್ತಿಲ್ಲ. ಮಾತೂ ಇಲ್ಲ. ಉಂಡೆಯಾ ಎಂದರೆ ಉಂಡೆ. ಮಲಗಿದೆಯಾ ಎಂದರೆ ಮಲಗಿದೆ.

೨೭ ಮಾರ್ಚ್, ಶುಕ್ರವಾರ

“ಶಂಕ್ರೆಪ್ಪ ಎಂದು ಹೊಂಟಾನಂತ?” ಎಂದು ಅವ್ವ ತಾನಾಗಿಯೇ ಕೇಳಿದಳು. ಕೌದಿಗಳನ್ನು ಮತ್ತೆ ಮಡಚಿ ಟ್ರಂಕಿನಲ್ಲಿಟ್ಟಿದ್ದಾಳೆ. ಟ್ರಂಕಿನ ಮೇಲೆ ಕೂರುವುದನ್ನೂ ಬಿಟ್ಟಿದ್ದಾಳೆ. ಬಾಗಿಲ ಹೊಸ್ತಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ಒಂದು ಗೋಣಿ ಹಾಸಿಕೊಂಡು ಕೂರುತ್ತಾಳೆ. “ಇಲ್ಲೆ ಗಾಳಿ ಬರತೈತಿ” ಅನ್ನುತ್ತಾಳೆ. ನಾನು ಅಲ್ಲಿ ಕೈ ಹಿಡಿದು ನೋಡಿದೆ. ಗಾಳಿ ಇಲ್ಲ.

ಅಂತೂ ನನ್ನ ಮೂಲೆ ನನಗೆ ಸಿಕ್ಕಿತು. ಟ್ರಂಕಿನ ಮುಂದೆ ಚಾಪೆ ಹಾಕಿ, ಅದರ ಮುಚ್ಚಳದ ಮೇಲೆ ಕಾಗದ ಹರಡಿ ಕುಳಿತೆ. ಎತ್ತರ ಸರಿಯಾಗಿಯೇ ಇದೆ. ಚಹಾಪೆಟ್ಟಿಗೆಯ ಹಾಗೆ ಅಲುಗಾಡುವುದಿಲ್ಲ. ಗುಲಾಬಿಯ ಮೇಲೆ ಮಸಿಕುಡಿಕೆ ಇಟ್ಟೆ. ಗಂಟೆಗಟ್ಟಲೆ ಕುಳಿತು ಬರೆದದ್ದು ಒಂದೇ ಸಾಲು. ‘ಗಿವ್ ಪ್ಲೇಸ್: ಜಾಗ ಬಿಟ್ಟುಕೊಡು’. ಅದನ್ನೂ ಹೊಡೆದು ಹಾಕಿದೆ. ಮಸಿ ಸರಿಯಿಲ್ಲ, ತುಂಬ ತೆಳುವಾಗಿದೆ.

ನೀಲಗಂಗಾ ಬಂದು ಟ್ರಂಕಿನ ಪಕ್ಕ ಕುಳಿತಳು. “ಕೌದಿ ಮಡಚೂ ಮುಂದ ನೋಡಿದ್ಯಾ. ಎಲ್ಲಾಕಿಂತ ಕೆಳಗ, ಬಿಳೇ ಅರಿವ್ಯಾಗ ಸುತ್ತಿದ್ದು ಒಂದ ಹೊಸಾ ಸೀರಿ ಐತ್ರಿ. ಕಡೀ ದಿನ ಮೈಮ್ಯಾಲ ಹೊದಸೂ ಸೀರಿ ಏನ್ರಿ ಅಂತ ನಾ ಕೇಳಲಿಲ್ಲ. ಅವರು ಹೇಳಲಿಲ್ಲ.”

ಇಂಥದ್ದನ್ನೆಲ್ಲ ಬರೆಯುವವನಿಗೆ ಹೇಳಬಾರದು. ಗಮನ ಕೆಡುತ್ತದೆ.

೩೦ ಮಾರ್ಚ್, ಸೋಮವಾರ

ಬೆಳಿಗ್ಗೆ ಬಾಗಿಲು ತೆರೆದರೆ ಜಯಲತಾ ನಿಂತಿದ್ದರು. ಕೈಯಲ್ಲಿ ಖಾಲಿ ತಂಬಿಗೆ. ನಾನು ಜಗಳಕ್ಕೆ ಸಿದ್ಧನಾಗಿ ಪಂಚೆ ಬಿಗಿ ಮಾಡಿಕೊಂಡೆ. ಅವರು ನನ್ನನ್ನು ದಾಟಿ ಹೊಸ್ತಿಲ ಬಳಿ ಕುಳಿತ ಅವ್ವನ ಎದುರು ಕುಕ್ಕುರು ಕುಳಿತರು.

“ಅಮ್ಮ, ಒಂದು ವಾರ ಆಯ್ತು. ನೀವು ಬರ್ಲಿಲ್ಲ. ಅವನಿಗೆ ಹೂವಿಲ್ಲ.”

“ಅದು ರುಬ್ಬೂ ಗುಂಡಂತಲ್ಲವಾ. ನನ್ನ ಮಗಾ ಹೇಳ್ಯಾನ. ಮುದುಕಿ ಕಣ್ಣು, ತಿಳೀಲಿಲ್ಲ. ನಿನ್ನ ನೀರು ತಪ್ಪಿಸಿದ್ಯಾ. ತಪ್ಪಾತವ್ವಾ.”

“ರುಬ್ಬುವ ಗುಂಡೇ. ನನ್ನ ಅತ್ತೆಯದ್ದು. ಅವರು ಹಿಟ್ಟು ಕಡೆಯಲಿಕ್ಕೆ ಕೂರುವ ಮೊದ್ಲು ದಿನಾ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ತಿದ್ರು. ನಾನು ಅದನ್ನು ಕಾಲಲ್ಲಿ ತಳ್ತಾ ಇದ್ದೆ.” ಜಯಲತಾ ತಂಬಿಗೆಯನ್ನು ಕೆಳಗಿಟ್ಟರು. ಆಮೇಲೆ ಅವರ ದನಿ ಎಂದಿನಂತಾಯಿತು. “ನೀವು ಪೂಜೆ ಮಾಡುವುದು ಬೇಡ ಅಂತ ನಾನು ಯಾವಾಗ ಹೇಳಿದೆ? ನಲ್ಲಿಯ ಅಡಿಯಿಂದ ಒಂಚೂರು ಆಚೆ ಇಡಿ ಅಂತ ಮಾತ್ರ. ಅವನಿಗೂ ದಿನಾ ಅಷ್ಟು ನೀರು ಬಿದ್ರೆ ಶೀತ ಆಗ್ತದೆ.”

ಅವ್ವನ ಹೊಟ್ಟೆ ಕುಲುಕಿತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

“ಮತ್ತ ನೀವ ಯಾಕ ಸರಿಸಲಿಲ್ಲ?”

“ಇಟ್ಟವರೇ ಎತ್ಬೇಕು ಅಂತ ಕಾಕೂ ಹೇಳ್ತಾರೆ. ಬೇರೆ ಯಾರು ಮುಟ್ಟಿದ್ರೂ ನಲ್ಲಿಗೆ ನೀರೇ ಬರುವುದಿಲ್ಲವಂತೆ.”

ಇಬ್ಬರೂ ಹೋದರು. ನಾನು ಹಲ್ಲುಜ್ಜುವ ನೆಪದಲ್ಲಿ ಹಿಂದೆ ಹೋದೆ. ಅವ್ವ ಗುಂಡನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿ, ನಲ್ಲಿಯ ಪಕ್ಕದ ಮೋಟುಗೋಡೆಯ ಮೇಲೆ ಇಟ್ಟಳು. ಸೆರಗಿನಿಂದ ಒರೆಸಿದಳು. ಸಾಲಿನಲ್ಲಿ ನಿಂತವರು ಉಸಿರು ಬಿಟ್ಟರು. ನಂತರ ಅವ್ವ ಸಾಲಿನ ಮೊದಲಿಗೆ ನೋಡಿದಳು. ಇಂದು ಮೊದಲು ಇದ್ದದ್ದು ನಮ್ಮ ಬಾಣಲೆ. ಅದನ್ನು ಎತ್ತಿಕೊಂಡು ಹೋಗಿ ಸಾಲಿನ ಕಟ್ಟಕಡೆಗೆ ಇಟ್ಟಳು.

“ಆ ಜಾಗ ಜಯಲತಾಗ” ಎಂದಳು. “ದಿನಾ.”

ಕನ್ನಡ ತಿಳಿಯದ ಕಾಕೂ ಕೂಡ ತಲೆಯಾಡಿಸಿದರು.

ನನ್ನನ್ನು ಯಾರಾದರೂ ಕೇಳಿದರೇ? ಮನೆಯ ಯಜಮಾನ ಬಾಯಿತುಂಬ ಹಲ್ಲುಪುಡಿ ಇಟ್ಟುಕೊಂಡು ಅಲ್ಲೇ ನಿಂತಿದ್ದ. ಇನ್ನು ನಾವು ಸಾಲಿನಲ್ಲಿ ಕೊನೆ. ಬಾಯಿ ಮುಕ್ಕಳಿಸಲು ಇಂದೇ ನೀರು ಸಾಲಲಿಲ್ಲ. ಥಾಣೆಯವರೆಗೂ ಬಾಯಿ ಲವಂಗದ ಹಾಗೆ ಉರಿಯಿತು.

೫ ಏಪ್ರಿಲ್, ರವಿವಾರ, ಯುಗಾದಿ

ಬೇವು ಬೆಲ್ಲ. ಪಕ್ಕದ ಮನೆಯಿಂದ ಹಿಟ್ಟು ಬಂತು, ಡಬ್ಬಿಗೆ ಬದಲಾಗಿ ಈ ಸಲ ಪಾತ್ರೆಯ ತುಂಬ. ಲೀಲಾಧರ ಬಾಗಿಲಲ್ಲೇ ನಿಂತು, “ನಮಗೆ ಹೊಸ ವರ್ಷ ಇವತ್ತಲ್ಲ ಮಾರಾಯ್ರೆ, ಇನ್ನೂ ಬಿಸು ಬರ್ಬೇಕು. ಆದ್ರೂ ನಿಮ್ಮ ಕಹಿ ತಿಂದು ಹೋಗ್ತೇನೆ” ಎಂದರು.

ಪಿ ಮುಗಿಸುವ ಗಡುವು ಇಂದು. ಮುಗಿದಿಲ್ಲ. ಧರ್ಮಪಾಲರಿಗೆ ಹೇಳಿ ಕಳಿಸಿದೆ. ತಮ್ಮ ವೈ ಕೂಡ ಕಷ್ಟದಲ್ಲಿದೆ ಎಂದು ಉತ್ತರ ಬಂತು.

ಈಚೆಗೆ ಬೆಳಗಿನ ಜಾವ ನಲ್ಲಿಯ ಹತ್ತಿರವೇ ಕಾಗದ ಹಿಡಿದು ಕೂರುತ್ತೇನೆ. ಕೊನೆಯವರೆಂದ ಮೇಲೆ ಕಾಯಲೇಬೇಕಲ್ಲ. ಅವ್ವ ಮೋಟುಗೋಡೆಯ ಪಕ್ಕ ಕುಳಿತು ಒಬ್ಬೊಬ್ಬರ ಗುರುತನ್ನೂ ಕೈಯಿಂದ ಎತ್ತಿ ಮುಂದಿಡುತ್ತಾಳೆ. ಇಟ್ಟಿಗೆ, ಡಬ್ಬಿ, ಬಾಣಲೆ, ಯಾವುದನ್ನೂ ಕಾಲಿನಿಂದ ತಳ್ಳಲು ಬಿಡುವುದಿಲ್ಲ. “ಮಂದಿ ಜಾಗದಾಗ ನಿಂತೈತಲ್ಲಪಾ ಅದು” ಅನ್ನುತ್ತಾಳೆ. ಹೀಗೆ ಎತ್ತಿ ಎತ್ತಿ ಇಟ್ಟರೆ ಎಷ್ಟು ಹೊತ್ತು ಹಿಡಿಯುತ್ತದೆ! ಮೂರ್ಖತನ. ನಾನು ಎಡಗೈಯಿಂದ ಸಹಾಯ ಮಾಡುತ್ತೇನೆ, ಬಲಗೈಯಲ್ಲಿ ಪೆನ್ನು ಇರುವುದರಿಂದ.

೮ ಏಪ್ರಿಲ್, ಬುಧವಾರ

ಶಂಕ್ರೆಪ್ಪ ಬಂದ. ಹಮಾಲನನ್ನೂ ಕರೆತಂದಿದ್ದ. ಸೀನಿದ.

“ನಡೀರಿ ಅವ್ವಾರ, ಗಾಡಿಗಿ ಹೊತ್ತಾತು. ಎಲ್ಲೈತಿ ಟ್ರಂಕು?”

ಅವ್ವ ಎದ್ದು ಸೆರಗು ಸರಿಮಾಡಿಕೊಂಡಳು. ನೀಲಗಂಗಾ ಸ್ಟೋವಿನ ಕಡೆ ಮುಖ ಮಾಡಿ ನಿಂತಳು. ಹೊರಗೆ ಪ್ಯಾಸೇಜಿನಲ್ಲಿ ಜಯಲತಾ ನಿಂತದ್ದು ಕಂಡಿತು. ಶಾಲೆಗೆ ಹೊರಟ ಮಗಳು ಚೀಲ ಹಾಕಿಕೊಂಡೇ ಅಜ್ಜಿಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಎಲ್ಲರೂ ನನ್ನನ್ನೇ ಯಾಕೆ ನೋಡಬೇಕು?

ನಾನು ಟ್ರಂಕಿನ ಮುಂದೆ ಕುಳಿತಿದ್ದೆ. ಮುಚ್ಚಳದ ತುಂಬ ನನ್ನ ಕಾಗದಗಳು. ಒಂದು ಬದಿಗೆ ‘ಪ್ಲೇಸ್’ನ ಪುಟಗಳು, ಇನ್ನೊಂದು ಬದಿಗೆ ಇನ್ನೂ ಮುಟ್ಟದ ‘ಪ್ಲೇಟ್’, ‘ಪ್ಲೇ’, ‘ಪಾಕೆಟ್’. ಗುಲಾಬಿಯ ಮೇಲೆ ಮಸಿಕುಡಿಕೆ. ಹಮಾಲ ಹಿಡಿಕೆಗೆ ಕೈ ಹಾಕಿದ. ಮಸಿ ತುಳುಕಿತು.

“ಏ, ಹಾತ್ ನಕೋ ಲಾವೂ!” ಎಂದು ಅವನ ಕೈ ತಡೆದೆ.

“ಯಾಕ್ರೆಪಾ?” ಎಂದ ಶಂಕ್ರೆಪ್ಪ.

“ಕಾಣ್ಸೂದಿಲ್ಲೇನು? ಸಂಘದ ಕೆಲಸ ನಡದೈತಿ. ಪಿ ಇನ್ನೂ ಅರ್ಧಾನೂ ಆಗಿಲ್ಲ. ಈ ಟ್ರಂಕ ಹ್ವಾದ್ರ ನಾ ಎಲ್ಲಿಟ್ಟು ಬರೀಲಿ?”

“ಹೊರಗೊಂದು ಚಾಪುಡಿ ಪೆಟಗಿ ಐತಲ್ಲ?”

“ಅದು ಅಲುಗಾಡತೈತಿ.”

ಶಂಕ್ರೆಪ್ಪ ವ್ಯಾಪಾರಸ್ಥ. ಒಂದು ಗಳಿಗೆ ಯೋಚಿಸಿ, “ಹಂಗಾರ ಟ್ರಂಕ ಇಲ್ಲೇ ಇರಲಿ. ಅವ್ವಾರ್ನಷ್ಟ ಕರಕೊಂಡು ಹೊಕ್ಕೇನಿ” ಎಂದ.

“ಟ್ರಂಕ ಬಿಟ್ಟು ಆಕಿ ಹ್ಯಾಂಗ ಬರತಾಳ? ಆಕಿ ಅರಿವಿ, ಕೌದಿ, ಎಲ್ಲಾ ಇದರಾಗ ಅದಾವ. ನಾ ಬರಿಯೂದು ಮುಗಿಯೂ ತನಕಾ ತಗಿಯಾಕ ಆಗೂದಿಲ್ಲ.”

“ಮುಗಿಯೂದು ಯಾವಾಗ?”

“ಪಿ ಸಣ್ಣ ಅಕ್ಷರ ಅಲ್ಲ” ಎಂದೆ.

ಶಂಕ್ರೆಪ್ಪ ಮತ್ತೊಮ್ಮೆ ಸೀನಿ, ಹಮಾಲನನ್ನು ಕರೆದುಕೊಂಡು ಹೋದ. ಅವ್ವ ಹೊಸ್ತಿಲ ಬಳಿಯ ಗೋಣಿಯನ್ನು ಎತ್ತಿ ಕೊಡವಿ, ಮಡಚಿ ಕಪಾಟಿನ ಮೇಲೆ ಇಟ್ಟಳು. ಆಮೇಲೆ ಬಂದು ನನ್ನ ಚಾಪೆಯ ಅರ್ಧ ಭಾಗದಲ್ಲಿ ಕುಳಿತು, “ಸರಿ ಈಕಡೆ” ಎಂದಳು.

ಸರಿದೆ. ಮೊಣಕೈ ಆಡಿಸಲು ಜಾಗವಿಲ್ಲ. ಈ ಮನೆಯಲ್ಲಿ ಬರೆಯುವವನ ಕಷ್ಟ ಯಾರಿಗೂ ಬೇಡ. ನೀಲಗಂಗಾ ಸುಮ್ಮಸುಮ್ಮನೆ ಹಾಡು ಗುನುಗುತ್ತ ಸಕ್ಕರೆ ಹೆಚ್ಚು ಹಾಕಿದ ಚಹಾ ತಂದಿಟ್ಟಳು. ಅದೂ ‘ಪ್ಲೇಸ್’ನ ಪುಟದ ಮೇಲೆಯೇ. ಆ ಪುಟವನ್ನು ಮತ್ತೆ ಮೊದಲಿನಿಂದ ಬರೆಯಬೇಕು.

ಈ ದಿನಚರಿಯನ್ನು ನನ್ನ ಹೊರತು ಯಾರೂ ಓದಕೂಡದು. ಓದುವವರು ಯಾರೆಂದು ನನಗೆ ಗೊತ್ತಿದೆ, ಈ ಪುಟಗಳ ಮೇಲಿನ ಚಹಾದ ಕಲೆ ಸುಳ್ಳು ಹೇಳುವುದಿಲ್ಲ. ಓದಿದ್ದೇ ಆದರೆ ಒಂದು ಚಿಕ್ಕ ಉಪಕಾರವಾಗಬೇಕು. ನಾಳೆ ನನಗೆ ಬೇಗನೆ ಕಾರ್ಖಾನೆಗೆ ಹೋಗುವುದಿದೆ, ನಲ್ಲಿಯ ಹತ್ತಿರ ಕೂರಲಾಗುವುದಿಲ್ಲ. ನಮ್ಮ ಬಾಣಲೆ ಸಾಲಿನ ಕೊನೆಯಲ್ಲಿದೆ. ಸಾಲು ಸರಿದಾಗ ಅದನ್ನೊಂದಿಷ್ಟು ಮುಂದಿಡಿ. ಕೈಯಿಂದ, ಕಾಲಿನಿಂದಲ್ಲ.